ಕಾರಿಲ್ಲದ ಅಕ್ಕನಿಗೊಂದು ಪಾರ್ಕಿಂಗ್ ಜಾಗ

ಮನೆಯಿಂದ,
ತಾರೀಖು ಏಳು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ದಿನವಿಡೀ ಕಂಪ್ಯೂಟರಿಗೆ ಮುಖ ಕೊಟ್ಟು ಕೂರುವವನು ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಲ್ಲ, ನಡೆಯುತ್ತಿದ್ದೀಯೋ ಇಲ್ಲವೋ. (ನಡೆಯುವವರ ನೆನಪು ನಿನಗೆ ಎಷ್ಟಿದೆ ಎನ್ನುವುದು ಈಗ ಗೊತ್ತಾಗಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.) ನಿನ್ನ ಹೆಂಡತಿಯ ಕೆಮ್ಮು ವಾಸಿಯಾಗಿರಬೇಕು. ಪುಟ್ಟಿಗೆ ಮುಂದಿನ ಎರಡು ಹಲ್ಲೂ ಬಿದ್ದಿವೆಯಂತೆ, ಅಮ್ಮ ಫೋಟೋ ತೋರಿಸಿದಳು. ಹೊಸವು ತಾವಾಗಿಯೇ ಬರುತ್ತವೆ, ಅತ್ತೆಯ ಗಿರಾಕಿಯಾಗಲು ಇನ್ನೂ ಅರವತ್ತು ವರ್ಷ ಸಮಯವಿದೆ ಎಂದು ಅವಳಿಗೆ ಹೇಳು. ಇಲ್ಲಿ ಅಮ್ಮನಿಗೆ ಮಂಡಿನೋವು ಒಂದು ಬಿಟ್ಟರೆ ಬೇರೆ ತೊಂದರೆಯಿಲ್ಲ. ನಾನೂ ಚೆನ್ನಾಗಿದ್ದೇನೆ, ಕೋಪವನ್ನು ಕಾಯಿಲೆಯ ಪಟ್ಟಿಗೆ ಸೇರಿಸದಿದ್ದರೆ.

ಫೋನು ಮಾಡದೆ ಕಾಗದ ಬರೆಯುವುದೇಕೆ ಎಂದು ಕೇಳಬೇಡ. ಫೋನಿನಲ್ಲಿ ನನ್ನ ದನಿ ಏರಿದ ಕೂಡಲೇ “ಅಕ್ಕಾ, ಕೇಳಿಸ್ತಿಲ್ಲ, ಲಿಫ್ಟಲ್ಲಿದೀನಿ” ಎನ್ನುತ್ತೀಯ. ಕಳೆದ ಸಲ ಹದಿನೈದು ನಿಮಿಷ ಲಿಫ್ಟಿನಲ್ಲೇ ಇದ್ದೆ. ನಿಮ್ಮ ಆಫೀಸಿಗೆ ಇರುವುದು ನಾಲ್ಕೇ ಮಹಡಿ.

ಹೋದ ತಿಂಗಳ ಕೊನೆಯಲ್ಲಿ ನಮ್ಮ ವಾರ್ಡಿನ ಗ್ರಂಥಾಲಯದ ಹಾಲಿನಲ್ಲಿ ಹೊಸ ಲೋಕಲ್ ರೈಲು ನಿಲ್ದಾಣದ ನಕ್ಷೆ ತೂಗುಹಾಕಿದರು. ನಿಲ್ದಾಣ ನಮ್ಮ ಮನೆಯ ಹಿಂದಿನ ಬಯಲಿನಲ್ಲೇ ಬರುತ್ತದೆ, ನಿಮ್ಮ ಆಫೀಸಿನವರೇ ಅದನ್ನು ಮಾಡುತ್ತಿದ್ದಾರೆ ಎಂದು ನೀನು ಮೊದಲೇ ಹೇಳಿದ್ದೆ. ಅಮ್ಮ ಎರಡು ದಿನದಿಂದ ಹೊರಟು ನಿಂತಿದ್ದಳು. ತಲೆ ಎರಡು ಸಲ ಬಾಚಿದಳು, ಹೊರಗೆ ಹೋಗುವ ಚಪ್ಪಲಿ ಒರೆಸಿ ಹಾಕಿಕೊಂಡಳು. ಜೊತೆಗೆ ಕತ್ತರಿ ಮಾಮ ಬಂದರು, ಅಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡಿದ್ದ ಗಿರಾಕಿಯನ್ನು ಕೂರಿಸಿಬಿಟ್ಟು. ನಕ್ಷೆ ಗೋಡೆಯ ತುಂಬ ಇತ್ತು. ಬಲಗಡೆ ಕೆಳಮೂಲೆಯ ಸಣ್ಣ ಚೌಕದಲ್ಲಿ ‘ರಚಿಸಿದವರು’ ಎಂದು ಬರೆದು ಮುಂದೆ ನಿನ್ನ ಹೆಸರು. ಅಮ್ಮ ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ನೋಡಿದಳು. ಬಂದವರನ್ನೆಲ್ಲ ಕರೆದು, “ನನ್ನ ಮಗ ಬರ್ದಿದ್ದು, ಇದೆಲ್ಲಾ ನನ್ನ ಮಗ ಬರ್ದಿದ್ದು” ಎಂದು ತೋರಿಸಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೂ ಎದೆ ಉಬ್ಬಿತ್ತು. ಕತ್ತರಿ ಮಾಮನಂತೂ, “ನಮ್ ಸ್ಕೇಲು ಗೆರೆ ಎಳೆದ್ರೆ ಇರುವೆನೂ ಅದರ ಮೇಲೇ ನಡೀಬೇಕು ಕಣಮ್ಮಾ” ಎಂದರು. ಇಡೀ ಬೀದಿಗೆ ನೀನು ಇನ್ನೂ ಸ್ಕೇಲೇ.

ಆಮೇಲೆ ಅವರೇ ನಕ್ಷೆಯ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿ ಕೇಳಿದರು: “ಅಲ್ಲಮ್ಮಾ, ಎಲ್ಲಾ ಸರಿ. ನಮ್ಮ ದಾರಿ ಎಲ್ಲಿ?”

ನಾನೂ ಹುಡುಕಿದೆ. ನಮ್ಮ ಬೀದಿಯ ತುದಿ ಸಿಕ್ಕಿತು. ರೈಲು ಹಳಿಯ ಕೆಳಗಿನ ಅಂಡರ್‌ಪಾಸ್ ಸಿಕ್ಕಿತು. ಇವೆರಡರ ನಡುವೆ, ನಾವು ದಿನಾ ಬಯಲು ದಾಟಿ ಹೋಗುವ ಓರೆದಾರಿ ಇರಬೇಕಾದ ಕಡೆ, ಸಾಲಾಗಿ ಸಣ್ಣ ಸಣ್ಣ ಚೌಕಗಳು. ಎಣಿಸಿದೆ: ಮುನ್ನೂರ ಹನ್ನೆರಡು. ಮುನ್ನೂರ ಹನ್ನೆರಡು ಕಾರು ನಿಲ್ಲಿಸುವ ಜಾಗ. ನಮ್ಮ ಬೀದಿಯ ಕಡೆಗೆ ಉದ್ದಕ್ಕೂ ಎಂಟಡಿ ಗೋಡೆ, ಕಾರುಗಳ ಸುರಕ್ಷತೆಗಾಗಿ. ಗೋಡೆಗೆ ಒಂದು ಬಾಗಿಲಿಲ್ಲ. ಒಳಗೆ ಹೋಗುವ ಗೇಟು ಇರುವುದು ಹೆದ್ದಾರಿಯ ಕಡೆಗೆ ಮಾತ್ರ. ಅಂದರೆ ರೈಲು ಬರುವುದು ನಮ್ಮ ಹಿತ್ತಲಿಗೆ, ಅದನ್ನು ಹತ್ತಲು ನಾವು ಲಾರಿಗಳು ಓಡುವ, ಕಾಲುದಾರಿಯಿಲ್ಲದ ರಸ್ತೆಯಲ್ಲಿ ಊರು ಸುತ್ತಿ ಬರಬೇಕು. ಆ ಕಡೆಯ ಶಾಲೆಗೆ, ಆಸ್ಪತ್ರೆಗೆ, ನನ್ನ ಕೆಲಸಕ್ಕೆ ಹೋಗಲೂ ಅಷ್ಟೇ. ನಾನು ಎರಡೂ ನಡೆದು ನೋಡಿದೆ. ಬಯಲಿನ ದಾರಿ ನನ್ನ ಹೆಜ್ಜೆಯಲ್ಲಿ ಐನೂರ ನಲವತ್ತು. ಸುತ್ತುದಾರಿ ಎರಡು ಸಾವಿರದ ಎಂಟುನೂರ ಎಪ್ಪತ್ತು. ಅದರಲ್ಲಿ ಮೂರು ಸಲ ಚರಂಡಿಯ ಅಂಚಿಗೆ ಇಳಿದು ಲಾರಿಗೆ ದಾರಿ ಬಿಟ್ಟೆ. ನನ್ನ ಎಡಗಾಲು ಎಷ್ಟು ಹೆಜ್ಜೆಗೆ ಮುಷ್ಕರ ಹೂಡುತ್ತದೆ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಹಾಲಿನಲ್ಲಿ ಒಬ್ಬ ಅಧಿಕಾರಿ ಇದ್ದರು. ಒಳ್ಳೆಯ ಮನುಷ್ಯ, ಕೂರಲು ಕುರ್ಚಿ ಕೊಟ್ಟರು. “ದಾಖಲೆಯಲ್ಲಿ ಅಲ್ಲಿ ದಾರಿನೇ ಇಲ್ಲಮ್ಮಾ, ಬರೀ ಖಾಲಿ ಜಾಗ” ಎಂದರು. ಕತ್ತರಿ ಮಾಮ, “ಹಾಗಾದ್ರೆ ನಲವತ್ತು ವರ್ಷದಿಂದ ನಾವೆಲ್ಲಾ ಹಾರ್ಕೊಂಡ್ ಹೋಗ್ತಿದ್ವಾ ಸಾರ್?” ಎಂದು ಕೇಳಿದರು. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ. “ಅವನು ಬರ್ದಿರ್ತಾನೆ, ನಿಮಗೆ ಕಾಣಿಸ್ತಿಲ್ಲ ಅಷ್ಟೇ” ಎಂದಳು. ಮಾರನೆಯ ದಿನ ಓದುವ ಕನ್ನಡಕ ಹಾಕಿಕೊಂಡು ಒಬ್ಬಳೇ ಹೋಗಿ ಇನ್ನೊಮ್ಮೆ ಹುಡುಕಿ ಬಂದಳು. ಅದರ ಮಾರನೆಯ ದಿನವೂ ಹೋದಳು. ಗ್ರಂಥಾಲಯದವರು ನನ್ನನ್ನು ಕರೆದು, “ನಿಮ್ಮ ತಾಯಿಯವ್ರು ಏನಾದ್ರೂ ಕಳ್ಕೊಂಡಿದಾರಾ?” ಎಂದು ವಿಚಾರಿಸಿದರು.

ಇಷ್ಟಾದರೂ ನಾನು ತಾಳ್ಮೆಯಿಂದ ಇದ್ದೆ. ಮೇಲಿನವರು ಹೇಳಿರಬೇಕು, ಇವನ ಕೈಯಲ್ಲಿ ಏನಿದೆ ಎಂದುಕೊಂಡೆ. ಹೋದ ಬುಧವಾರ ನಾನು ಕೆಲಸದಲ್ಲಿದ್ದ ಹೊತ್ತು ನೋಡಿ ನೀನು ಅಮ್ಮನಿಗೆ ಫೋನು ಮಾಡಿದೆಯಲ್ಲ, ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಅಮ್ಮ ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು: “ಆಫೀಸಲ್ಲಿ ಕೊಟ್ಟ ಬೇಸ್ ಮ್ಯಾಪಲ್ಲಿ, ಹಳೇ ನಕ್ಷೇಲಿ, ಆ ದಾರಿ ಇರ್ಲಿಲ್ಲಮ್ಮಾ, ನಾನೇನ್ ಮಾಡ್ಲಿ. ಆದ್ರೆ ಅಕ್ಕ ಚಿಂತೆ ಮಾಡೋದೇ ಬೇಡ. ಗೇಟಿನ ಪಕ್ಕದಲ್ಲೇ ಅಂಗವಿಕಲರಿಗೆ ಅಂತ ನಾಲ್ಕು ಪಾರ್ಕಿಂಗ್ ಇಟ್ಟಿದೀನಿ. ಅಕ್ಕನ್ನ ನೆನೆಸ್ಕೊಂಡೇ ಇಟ್ಟಿದ್ದು.”

ತಮ್ಮಾ, ನನ್ನ ಹತ್ತಿರ ಕಾರು ಎಲ್ಲಿದೆ? ಆ ಮೀಸಲು ಜಾಗದಲ್ಲಿ ನಾನೇನು ನಿಲ್ಲಿಸಲಿ, ನನ್ನ ಚಪ್ಪಲಿಯನ್ನೇ? ನನಗೆ ಸೈಕಲ್ ಸಹ ತುಳಿಯಲಾಗುವುದಿಲ್ಲ. ನಿನಗೆ ಕಾಲು ನೆನಪಿತ್ತು, ಆ ಕಾಲು ನಲವತ್ತು ವರ್ಷ ನಡೆದ ದಾರಿ ನೆನಪಾಗಲಿಲ್ಲ. ಹಳದಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದು ಅಕ್ಕನ ಋಣ ತೀರಿತು ಎಂದುಕೊಂಡೆ. ಮನೆಗೆ ಮಾರಿ, ಪರರಿಗೆ ಉಪಕಾರಿ ಎಂಬ ಗಾದೆಯನ್ನು ಇಷ್ಟು ದಿನ ಬೇರೆಯವರ ಮನೆಯ ಬಗ್ಗೆ ಹೇಳುತ್ತಿದ್ದೆ.

ನಕ್ಷೆಯಲ್ಲಿ ಇರಲಿಲ್ಲ ಎನ್ನುತ್ತೀಯಲ್ಲ, ನನ್ನ ಕೆಲಸದ ಒಂದು ಮಾತು ಕೇಳು. ನಾನು ಇಪ್ಪತ್ತೊಂದು ವರ್ಷದಿಂದ ಹಲ್ಲಿನ ಸೆಟ್ಟು ಮಾಡುತ್ತಿದ್ದೇನೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾವು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸುತ್ತೇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜನಿಗೆ ಮಾಡಿದ ಸೆಟ್ಟು ಅಚ್ಚಿನ ಮೇಲೆ ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತ್ತು, ಬಾಯಿಯಲ್ಲಿ ಕೂರಲಿಲ್ಲ. ಹದಿನೈದು ದಿನ ಅಜ್ಜ ಗಂಜಿ ಕುಡಿದ. ಅಚ್ಚೇ ಸರಿಯಿಲ್ಲ, ನನ್ನ ತಪ್ಪೇನು ಎಂದು ನಾನು ವಾದಿಸಿದೆ. ಮಾಲೀಕರು ಬೈಯಲಿಲ್ಲ. “ಅಚ್ಚು ಊಟ ಮಾಡೋದಿಲ್ಲ ಕಣಮ್ಮಾ, ಬಾಯಿ ಊಟ ಮಾಡೋದು” ಎಂದರು. ನಾನು ಆ ಅಜ್ಜನ ಬಾಯಿಯನ್ನು ಕಂಡವಳಲ್ಲ, ಆದರೂ ನನ್ನದು ತಪ್ಪೇ ಆಯಿತು. ನೀನಾದರೋ ಕಂಡವನು. ಆ ಬಯಲಿನ ಯಾವ ಗುಂಡಿಯಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು. ಆ ಕೆಸರಿಗೆ ಅಪ್ಪ ಒಡೆದ ಇಟ್ಟಿಗೆ ಹೊತ್ತು ತಂದು ಹಾಸುವಾಗ ಬುಟ್ಟಿಯ ಇನ್ನೊಂದು ಕಿವಿ ಹಿಡಿದವನು ನೀನು. ಹತ್ತು ವರ್ಷ ನನ್ನ ಚೀಲವನ್ನೂ ನಿನ್ನ ಚೀಲವನ್ನೂ ಎರಡು ಹೆಗಲಿಗೆ ಹಾಕಿಕೊಂಡು, ನನ್ನ ವೇಗಕ್ಕೆ ಹೊಂದಿಸಿಕೊಳ್ಳಲು ಹಿಮ್ಮುಖವಾಗಿ ನಡೆಯುತ್ತ, ಎಡವಿ ಬೀಳುತ್ತ ಶಾಲೆಗೆ ಹೋದವನು. ಯಾರಾದರೂ ನನ್ನ ನಡಿಗೆ ಅಣಕಿಸಿದರೆ ನೀನು ಸ್ಕೇಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಆ ಹೆಸರು ನಿನಗೆ ಬಂದದ್ದು ಗೆರೆ ಎಳೆದದ್ದಕ್ಕಲ್ಲ, ಮರೆತಿದ್ದರೆ ನೆನಪಿಸುತ್ತಿದ್ದೇನೆ.

ದಾಖಲೆಯಲ್ಲಿ ದಾರಿಯಿಲ್ಲ ಎಂದರಲ್ಲ, ದಾಖಲೆಯನ್ನು ನಾನೇ ಮಾಡಿದೆ. ಮೂರು ದಿನ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬೀದಿಯ ತುದಿಯಲ್ಲಿ ಕತ್ತರಿ ಮಾಮನ ಕುರ್ಚಿ ಹಾಕಿಕೊಂಡು ಕೂತು, ಬಯಲು ದಾಟಿದ ಪ್ರತಿ ತಲೆಗೂ ಒಂದು ಗೆರೆ ಎಳೆದೆ. ಮೊದಲ ದಿನ ಆರುನೂರ ನಲವತ್ತೊಂದು, ಎರಡನೆಯ ದಿನ ಆರುನೂರ ಹದಿನೆಂಟು, ಮೂರನೆಯ ದಿನ ಆರುನೂರ ಐವತ್ತೈದು. ಆಸ್ಪತ್ರೆಯ ಆಯಾಗಳು, ಬ್ರೆಡ್ ಫ್ಯಾಕ್ಟರಿಯಿಂದ ಪಾಳಿ ಮುಗಿಸಿ ಮೈಯೆಲ್ಲ ಹಿಟ್ಟಾಗಿ ವಾಪಸು ಬರುವವರು, ಆಫೀಸುಗಳ ನೆಲ ಒರೆಸಲು ಹೋಗುವ ಹೆಂಗಸರು, ಶಾಲೆಯ ಮಕ್ಕಳು. “ಏನಕ್ಕಾ, ಜನಗಣತಿನಾ? ನಮ್ಮನೇಲಿ ಇನ್ನೊಂದು ಹೊಟ್ಟೇಲಿದೆ, ಅದನ್ನೂ ಸೇರಿಸ್ಕೊಳಿ” ಎಂದಳು ಒಬ್ಬಳು. ಎರಡು ಗೆರೆ ಎಳೆದೆನೆಂದು ತಿಳಿಯಬೇಡ, ಒಂದೇ ಎಳೆದಿದ್ದೇನೆ, ಲೆಕ್ಕ ಲೆಕ್ಕವೇ. ನಮ್ಮ ಇಡೀ ಬಡಾವಣೆಯಲ್ಲಿ ಕಾರುಗಳು ಎಷ್ಟು ಎಂದೂ ಎಣಿಸಿದೆ. ಹನ್ನೊಂದು. ಅದರಲ್ಲಿ ಒಂದರೊಳಗೆ ಕೋಳಿ ಸಾಕಿದ್ದಾರೆ. ಉಳಿದ ಮುನ್ನೂರು ಕಾರು ಎಲ್ಲಿಂದಲೋ ಬಂದು, ನಮ್ಮ ಬಯಲಿನಲ್ಲಿ ದಿನವಿಡೀ ನಿದ್ದೆ ಮಾಡಿ, ಸಂಜೆ ಎದ್ದು ಹೋಗುತ್ತವೆ. ಅವು ಮಲಗಲು ನಾವು ಸುತ್ತಬೇಕು. ರೈಲು ಬೇಡ ಎಂದು ಇಲ್ಲಿ ಒಬ್ಬರೂ ಹೇಳುತ್ತಿಲ್ಲ. ಕಾರು ನಿಲ್ಲಿಸಬಾರದೆಂದೂ ಹೇಳುತ್ತಿಲ್ಲ. ಎರಡು ಸಾಲು ಚೌಕ ಅಳಿಸು, ಗೋಡೆಗೊಂದು ಬಾಗಿಲಿಡು. ಇಷ್ಟೇ ಕೇಳುತ್ತಿರುವುದು.

ಒಂದು ವಿಷಯದಲ್ಲಿ ನನ್ನ ಮೇಲೂ ನನಗೆ ಸಿಟ್ಟಿದೆ, ಬರೆದುಬಿಡುತ್ತೇನೆ. ನೀನು ಓದಲು ಹೊರಟ ದಿನ ಟ್ರಂಕನ್ನು ನೀನೂ ಅಪ್ಪನೂ ಹಿಡಿದು ಅದೇ ದಾರಿಯಲ್ಲಿ ನಡೆದಿರಿ. ಅಂಡರ್‌ಪಾಸಿನ ಬಾಯಲ್ಲಿ ನೀನು ನಿಂತು ಅಳಲು ಶುರು ಮಾಡಿದಾಗ, “ಹೋಗೋ, ಹಿಂದೆ ತಿರುಗಿ ನೋಡಬೇಡ” ಎಂದು ಗದರಿದವಳು ನಾನೇ. ನೀನು ನಿಜವಾಗಿಯೂ ತಿರುಗಿ ನೋಡಲಿಲ್ಲ. ಹೇಳಿದ ಮಾತು ಕೇಳುವ ತಮ್ಮ ಎಂದು ಎಷ್ಟೋ ವರ್ಷ ಹೆಮ್ಮೆಪಟ್ಟೆ. ತಿರುಗಿ ನೋಡಬೇಡ ಎಂದಿದ್ದೆ, ಅಳಿಸಿಹಾಕು ಎಂದಿರಲಿಲ್ಲ.

ಇಷ್ಟು ಬೈದ ಮೇಲೆ ಹರಸುವುದು ಹೇಗೆಂದು ಗೊತ್ತಾಗುತ್ತಿಲ್ಲ. ಬೆಳಗಿನ ಹೊತ್ತು ಹೊಟ್ಟೆ ಖಾಲಿ ಬಿಡಬೇಡ. ಪುಟ್ಟಿಯ ಹಲ್ಲು ನೆಟ್ಟಗೆ ಬರಲಿ. ನಿನ್ನ ಹೆಂಡತಿಗೆ ಈ ಕಾಗದ ತೋರಿಸಿದರೂ ನನ್ನ ಅಭ್ಯಂತರವಿಲ್ಲ, ಅವಳಿಗೆ ನ್ಯಾಯ ತಿಳಿಯುತ್ತದೆ. ನೀನು ಎಲ್ಲಿದ್ದರೂ ಚೆನ್ನಾಗಿರಬೇಕೆಂದೇ ನನ್ನ ಆಸೆ, ಈಗಲೂ.

ನಿನ್ನ
ಅಕ್ಕ

ಬರೆಯದೆ ಬಿಟ್ಟದ್ದು: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ಹತ್ತೊಂಬತ್ತನೆಯ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಅದೇ ಹಾಲಿನಲ್ಲಿ ಆಕ್ಷೇಪಣೆಗಳ ವಿಚಾರಣೆ ಇದೆ. ಬಯಲಿನಲ್ಲಿ ಬಹಳ ಕಾಲದಿಂದ ಜನ ಓಡಾಡುವ ದಾರಿ ಇತ್ತೆಂದು ರುಜುವಾತಾದರೆ ನಕ್ಷೆ ತಿದ್ದಲೇಬೇಕಂತೆ. ಇಲ್ಲಿ ವಾಸವಿರುವವರ ಮಾತು ಸಾಲದು, ನಮಗೆ ಅದರಲ್ಲಿ ಲಾಭವಿದೆಯಂತೆ. ಹಿಂದೆ ಹತ್ತು ವರ್ಷವಾದರೂ ಆ ದಾರಿ ಬಳಸಿದ, ಈಗ ಬೇರೆ ಊರಿನಲ್ಲಿರುವ ಒಬ್ಬ ಸಾಕ್ಷಿ ಬೇಕು ಎಂದು ಆ ಅಧಿಕಾರಿಯೇ ತಿಳಿಸಿದರು. ಅರ್ಜಿಯ ಏಳನೆಯ ಕಾಲಮ್ಮಿನಲ್ಲಿ ನಿನ್ನ ಹೆಸರು ಬರೆದು ಶುಕ್ರವಾರವೇ ಕೊಟ್ಟಿದ್ದೇನೆ. ವಿಳಾಸ ನಿನ್ನ ಆಫೀಸಿನದು. ನೋಟಿಸು ರಿಜಿಸ್ಟರ್ ಅಂಚೆಯಲ್ಲಿ ಬರುತ್ತದೆ, ನಿನ್ನ ಮೇಲಧಿಕಾರಿಯೇ ಒಡೆದು ಓದಬಹುದು. ಗೊತ್ತಿದ್ದೇ ಬರೆದೆ. ನನ್ನ ಕಾಲಿನ ವಿಷಯ ಅಲ್ಲಿ ಎತ್ತಬೇಡ, ಯಾರೂ ಅದನ್ನು ಕೇಳುತ್ತಿಲ್ಲ. ದಾರಿ ಇತ್ತೋ ಇಲ್ಲವೋ, ಒಂದೇ ಪ್ರಶ್ನೆ. ನೀನು ನಕ್ಷೆ ವಿವರಿಸಲು ಬರುತ್ತೀಯ ಎಂದೇ ಅಮ್ಮ ತಿಳಿದಿದ್ದಾಳೆ, ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ. ದಾರಿ ಇರಲಿಲ್ಲ ಎನ್ನುವ ಮನಸ್ಸಿದ್ದರೆ ನನಗೆ ಬರೆಯಬೇಡ, ಅಮ್ಮನಿಗೆ ಬರೆ.