ಖಾರ್ವಿ ಮಾಸ್ತರರ ಪ್ರತಿಮೆಯಡಿ ಇಟ್ಟ ಮಾತು

ಅಳಿವೆಗುಡ್ಡ,
ಫೆಬ್ರವರಿ ೩೦, ೨೨೧೪

ಈ ಪ್ರತಿಮೆಯನ್ನು ಎಂದೋ ಒಂದು ದಿನ ಕೆಡವುವ, ಅಥವಾ ಬೇರೆಡೆಗೆ ಸಾಗಿಸುವ ಮಹನೀಯರಿಗೆ,

ಮೇಲಿನ ತಾರೀಖನ್ನು ಕಂಡು, ಬರೆದವಳಿಗೆ ಅರಳುಮರಳು ಹಿಡಿದಿತ್ತೆಂದು ತಿಳಿಯಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಯಾವ ತಿಂಗಳಿಗೂ ಸೇರಿಸದೆ ರಜೆಯಾಗಿ ಉಳಿಸಿಕೊಂಡಿದ್ದೇವೆ. ನೀವು ಈ ಪತ್ರವನ್ನು ಓದುವ ಹೊತ್ತಿಗೆ ನಮ್ಮ ಪಂಚಾಂಗವೂ ನಮ್ಮ ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಕ್ಷಮೆ ಕೋರುತ್ತೇನೆ. ಮೂವತ್ತೈದು ವರ್ಷ ಈ ಊರಿನ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಒಂದು ಅಲ್ಪಪ್ರಾಣ ತಪ್ಪಿದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು. ಆದ್ದರಿಂದ ತಿಳಿಯದ ಪದ ಬಂದಲ್ಲಿ ಅರ್ಥವನ್ನು ನಾನೇ ಹೇಳುತ್ತಾ ಹೋಗುತ್ತೇನೆ.

ನಮ್ಮ ಊರು ಸಮುದ್ರವು ಮೇಲೇರಿದ ಮೇಲೆ ಹುಟ್ಟಿದ ಊರು. ಮುತ್ತಜ್ಜಿಯರ ಕಾಲದ ಬೀದಿಗಳು, ಮೀನುಪೇಟೆ, ಹಳೆಯ ಸೇತುವೆ ಎಲ್ಲವೂ ಈಗ ಹಿನ್ನೀರಿನ ಅಡಿಯಲ್ಲಿವೆ. ನಾವು ಗುಡ್ಡದ ಮೇಲಿದ್ದೇವೆ. ಬೆಳಿಗ್ಗೆ ಬಿಸಿಲು ಏರುತ್ತಿದ್ದಂತೆ ಗಂಟೆಯೊಂದನ್ನು ಬಾರಿಸುತ್ತಾರೆ. ಅದಕ್ಕೆ ಕದಗಂಟೆ ಎಂದು ಹೆಸರು. ಅದನ್ನು ಬಾರಿಸಿದ ಮೇಲೆ ಸಂಜೆಯವರೆಗೆ ಯಾರೂ ಹೊರಗೆ ಓಡಾಡುವಂತಿಲ್ಲ. ಆದ್ದರಿಂದ ನಮ್ಮಲ್ಲಿ ಮದುವೆ, ಸಂತೆ, ಸಭೆ, ಆಟ ಯಾವುದಾದರೂ ಮುಂಜಾವಿನಲ್ಲಿ ಅಥವಾ ಸಂಜೆಯಲ್ಲಿ. ಗುಡ್ಡದ ಮೇಲೆ ಸಮತಟ್ಟಾದ ನೆಲವಿಲ್ಲ. ಹೀಗಾಗಿ ನಮ್ಮ ಮಹಾವಿದ್ಯಾಲಯದ ಫುಟ್‌ಬಾಲ್ ಮೈದಾನ ಹಿನ್ನೀರಿನ ಮೇಲೆ ತೇಲುತ್ತದೆ. ಪೀಪಾಯಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಉಪ್ಪು ತಾಳುವ ಹುಲ್ಲು. ಇದನ್ನು ತೇಲ್ಬಯಲು ಎನ್ನುತ್ತೇವೆ. ಉಬ್ಬರದಲ್ಲಿ ತೇಲ್ಬಯಲು ಸಮವಾಗಿರುತ್ತದೆ. ಇಳಿತ ಬಂದಾಗ ಅದರ ಮೂಡಣ ಅಂಚು ಕೆಸರಿಗೆ ತಾಗಿ ನಿಲ್ಲುತ್ತದೆ, ಪಡುವಣ ಅಂಚು ನೀರಿನೊಂದಿಗೆ ಕೆಳಗಿಳಿಯುತ್ತದೆ. ಆಗ ಚೆಂಡು ತನ್ನಷ್ಟಕ್ಕೆ ತಾನೇ ಉರುಳತೊಡಗುತ್ತದೆ. ಹೊರಗಿನ ತಂಡಗಳು ಇಲ್ಲಿ ಸೋಲುತ್ತಿದ್ದದ್ದು ಈ ಓರೆಗೆ. ನಾವು ಗೆಲ್ಲುತ್ತಿದ್ದದ್ದು ದುರ್ಗಪ್ಪ ಖಾರ್ವಿಯವರಿಂದ.

ನಿಮ್ಮ ಮುಂದೆ ಉರುಳಿಬಿದ್ದಿರುವ ಪ್ರತಿಮೆ ಅವರದೇ. ನಲವತ್ತು ವರ್ಷ ಅವರು ನಮ್ಮ ತರಬೇತುದಾರರಾಗಿದ್ದರು. ಕಡಲಗಾಳಿಯಲ್ಲಿ ಕೂಗಿದ್ದು ಕೇಳಿಸದು ಎಂದು ಅವರು ಕೈಸನ್ನೆಗಳನ್ನು ರೂಢಿಸಿದ್ದರು. ಬಲಗೈ ಎತ್ತಿದರೆ ಎಲ್ಲರೂ ಮುಂದಕ್ಕೆ. ಎಡಗಿವಿ ಮುಟ್ಟಿದರೆ ಎಡಕ್ಕೆ. ಎರಡೂ ಕೈಗಳನ್ನು ಎದೆಗೆ ಕಟ್ಟಿದರೆ ಹಿಂದೆ ಸರಿದು ಗೋಲು ಕಾಯಬೇಕು. ಈ ಸನ್ನೆಗಳು ಕ್ರಮೇಣ ಊರಿನ ಭಾಷೆಯೇ ಆದವು. ನನ್ನ ತರಗತಿಯಲ್ಲಿಯೂ ಮಕ್ಕಳು ಪರಸ್ಪರ ಎಡಗಿವಿ ಮುಟ್ಟಿ ಉತ್ತರ ಹೇಳಿಕೊಡುತ್ತಿದ್ದರು. ಇನ್ನೊಂದು ರೂಢಿಯೂ ಬೆಳೆಯಿತು. ಖಾರ್ವಿಯವರು ಎಲ್ಲಿಯಾದರೂ ಎದ್ದು ನಿಂತರೆ ಊರವರೆಲ್ಲ ಎದ್ದು ನಿಂತು, ಅವರು ಪುನಃ ಕುಳಿತುಕೊಳ್ಳುವವರೆಗೆ ಬಿಡದೆ ಚಪ್ಪಾಳೆ ತಟ್ಟುವುದು. ಇದಕ್ಕೆ ಏಳುಚಪ್ಪಾಳೆ ಎನ್ನುತ್ತಾರೆ. ಏಳು ಎಂಬುದು ಇಲ್ಲಿ ಸಂಖ್ಯೆಯಲ್ಲ. ಮೊದಲು ನಿಲ್ಲಿಸಿದವನಿಗೆ ಗೌರವ ಕಡಿಮೆ ಎಂಬ ಭಾವನೆ ಇದ್ದದ್ದರಿಂದ ಯಾರೂ ಮೊದಲು ನಿಲ್ಲಿಸುತ್ತಿರಲಿಲ್ಲ. ತಮ್ಮ ಮೊಮ್ಮಗಳ ಮದುವೆಯಲ್ಲಿ ಆ ಹಿರಿಯರು ಕೈತೊಳೆಯಲು ಎದ್ದಾಗಲೂ ಇಡೀ ಪಂಕ್ತಿ ಎಂಜಲುಗೈಯಲ್ಲಿಯೇ ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿದ್ದೇನೆ. ಆಗ ನಕ್ಕಿದ್ದೆ.

ಕಣ್ಣಿನ ದೃಷ್ಟಿ ಮಂದವಾದ ಮೇಲೆ ಖಾರ್ವಿಯವರು ನಿವೃತ್ತಿ ಕೇಳಿದರು. ಉತ್ತರಾಧಿಕಾರಿಯನ್ನು ತಾವೇ ಹುಡುಕಿ ತಂದರು. ಗಜೇಂದ್ರಗಡದ ಕಡೆಯ ನೀಲವ್ವ ಗಾಣಿಗೇರ ಎಂಬಾಕೆ. ವಯಸ್ಸು ಮೂವತ್ತರ ಆಸುಪಾಸು. ಎದುರಾಳಿ ತಂಡವೊಂದರ ತರಬೇತುದಾರಳಾಗಿ ಬಂದು, ನಮ್ಮದೇ ತೇಲ್ಬಯಲಿನಲ್ಲಿ, ನಮ್ಮದೇ ಓರೆಯಲ್ಲಿ ನಮ್ಮನ್ನು ಸೋಲಿಸಿಹೋಗಿದ್ದ ಒಬ್ಬಳೇ ವ್ಯಕ್ತಿ. ಬೀಳ್ಕೊಡುಗೆಯ ಸಂಜೆ ಖಾರ್ವಿಯವರು ತಮ್ಮ ಕೊರಳಿನ ಸೀಟಿಯನ್ನು ತೆಗೆದು ಆಕೆಯ ಕೈಯಲ್ಲಿಟ್ಟರು. ನಾವು ಚಪ್ಪಾಳೆ ತಟ್ಟಿದೆವು. ಆದರೆ ನಮ್ಮ ಕಣ್ಣುಗಳು ಸೀಟಿ ಹೋದ ಕೈಯ ಕಡೆಗಿರಲಿಲ್ಲ, ಕೊಟ್ಟ ಕೈಯ ಕಡೆಗೇ ಇದ್ದವು.

ನೀಲವ್ವ ಸನ್ನೆಗಳನ್ನು ಬಿಟ್ಟರು. ಆಟಗಾರರು ತಮ್ಮ ಅಂಗಾಲಿನಿಂದಲೇ ನೆಲದ ಓರೆಯನ್ನು ಅರಿಯಬೇಕು, ಗಳಿಗೆಗೊಮ್ಮೆ ಅಂಚಿಗೆ ಕತ್ತು ತಿರುಗಿಸಿದರೆ ಚೆಂಡು ಹೋಗಿರುತ್ತದೆ ಎಂಬುದು ಅವರ ವಾದ. ಮುಂಜಾವಿನ ಅಭ್ಯಾಸದಲ್ಲಿ ಹುಡುಗರಿಗೆ ಕಣ್ಣು ಕಟ್ಟಿ ನಡೆಸುತ್ತಿದ್ದರು. ಗುಡ್ಡದ ಕಟ್ಟೆಯ ಮೇಲೆ ಕುಳಿತ ನಮ್ಮ ಮಹನೀಯರು ಅಲ್ಲಿಂದಲೇ ಕೂಗುತ್ತಿದ್ದರು: "ಹ್ವಾಯ್ ಅಮ್ಮ, ಇದ್ ಗಜೇಂದ್ರಗಡ ಅಲ್ಲ, ಸಮುದ್ರ! ಈಜುಕ್ ಬತ್ತಾ?" ಆಕೆ ತಲೆ ಎತ್ತದೆ, "ಕಲಸ್ರಿ ಮತ್ತ, ಬರ್ತೀನಿ" ಎಂದು ಉತ್ತರಿಸುತ್ತಿದ್ದರು. ಆ ಉತ್ತರ ನನಗೆ ಹಿಡಿಸಿತ್ತು. ಆದರೆ ಕಟ್ಟೆಯವರನ್ನು ಗದರಿಸುವ ಕೆಲಸವನ್ನು ನಾನು ಮಾಡಲಿಲ್ಲ. ಅವರಲ್ಲಿ ಅರ್ಧ ಮಂದಿ ನನ್ನ ಹಳೆಯ ವಿದ್ಯಾರ್ಥಿಗಳೇ. ನಾನು ಒಂದು ಮಾತು ಹೇಳಿದ್ದರೆ ಬಾಯಿ ಮುಚ್ಚುತ್ತಿದ್ದರು.

ಮೊದಲ ಪಂದ್ಯದಲ್ಲಿ ಖಾರ್ವಿಯವರು ಪ್ರೇಕ್ಷಕರಾಗಿ ಬಂದು ಐದನೆಯ ಸಾಲಿನಲ್ಲಿ ಕುಳಿತರು. ಆಟ ಆರಂಭವಾದ ಮೇಲೆ ನಾನೊಂದು ವಿಚಿತ್ರವನ್ನು ಗಮನಿಸಿದೆ. ಹನ್ನೊಂದು ಮಂದಿ ಆಟಗಾರರೂ ಅಂಚಿನಲ್ಲಿ ನಿಂತ ನೀಲವ್ವನವರನ್ನು ನೋಡುತ್ತಿಲ್ಲ, ತಮ್ಮ ಅಂಗಾಲನ್ನೂ ನಂಬುತ್ತಿಲ್ಲ, ಐದನೆಯ ಸಾಲನ್ನು ನೋಡುತ್ತಿದ್ದಾರೆ. ಪ್ರೇಕ್ಷಕರೂ ಅಷ್ಟೆ. ಉತ್ತರಾರ್ಧದಲ್ಲಿ ಖಾರ್ವಿಯವರ ಕೈ ಥಟ್ಟನೆ ಎಡಗಿವಿಗೆ ಹೋಯಿತು. "ಕಾಣಿ ಕಾಣಿ, ಮಾಸ್ಟ್ರ್ ಹೇಳ್ರ್!" ಎಂದು ಜನ ಎದ್ದರು. ತಂಡವೆಲ್ಲ ಎಡಕ್ಕೆ ಧಾವಿಸಿತು. ಬರಿದಾದ ಬಲಗಡೆಯಿಂದ ಎದುರಾಳಿಗಳು ನಡೆದುಕೊಂಡೇ ಬಂದು ಗೋಲು ಹೊಡೆದರು.

ಆಟ ಮುಗಿದ ಮೇಲೆ ಖಾರ್ವಿಯವರು ನಾಯಕ ಸಫ್ವಾನನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದರು. "ನಂಗ್ ನುಸಿ ಕಚ್ಚಿದ್ದ್ ಮರಾಯಾ!" ಎಂದರು. ಕಿವಿಯ ಮೇಲೆ ಸೊಳ್ಳೆ ಕಚ್ಚಿದ ಗುಳ್ಳೆಯನ್ನೂ ತೋರಿಸಿದರು. ಸಫ್ವಾನ ಕೈಮುಗಿದು ನಕ್ಕ. "ನಿಮ್ಗ್ ನುಸಿ ಕಚ್ಚುದೂ ಸುಮ್ನೆ ಅಲ್ಲ ಮಾಸ್ಟ್ರೆ" ಎಂದ.

ಊರು ಸೋಲಿನ ಹೊಣೆಯನ್ನು ನೀಲವ್ವನವರ ಮೇಲೆ ಹೊರಿಸಿತು. ಮುಂದಿನ ಪಂದ್ಯಕ್ಕೆ ಖಾರ್ವಿಯವರು ಎಚ್ಚರದಿಂದ ಶಾಲು ಹೊದ್ದು, ಎರಡೂ ಕೈಗಳನ್ನು ಅದರೊಳಗೆ ಕಟ್ಟಿಕೊಂಡು ಕುಳಿತರು. ತಂಡ ಹಿಂದೆ ಸರಿದು, ಕೊನೆಯವರೆಗೂ ಗೋಲು ಕಾಯುತ್ತಾ ನಿಂತಿತು. ನೀಲವ್ವ ಅಂಚಿನುದ್ದಕ್ಕೂ ಓಡಾಡಿ ಸೀಟಿ ಊದಿದರು, ಅವರನ್ನು ನೋಡಿದವರಿಲ್ಲ. ಮೂರನೆಯ ಪಂದ್ಯದಲ್ಲಿ ಆ ಹಿರಿಯರು ಚಹಾದಂಗಡಿಯ ಕಂಬದ ಹಿಂದೆ ಹೋಗಿ ಕುಳಿತರು. ಮಧ್ಯಾಂತರದ ಹೊತ್ತಿಗೆ ಪ್ರೇಕ್ಷಕರು ಕುರ್ಚಿಗಳನ್ನು ಎತ್ತಿಕೊಂಡು ಬಂದು ಕಂಬದ ಸುತ್ತ ಕುಳಿತಿದ್ದರು, ಮೈದಾನಕ್ಕೆ ಬೆನ್ನು ಹಾಕಿ. ನಾಲ್ಕನೆಯ ಪಂದ್ಯಕ್ಕೆ ಅವರು ಬರಲೇ ಇಲ್ಲ. ಆಗ ಹುಡುಗರು ಐದನೆಯ ಸಾಲಿನ ಖಾಲಿ ಜಾಗವನ್ನು ನೋಡುತ್ತಾ ಆಡಿದರು. ಮಾಸ್ತರರನ್ನು ಮೈದಾನದಿಂದ ಓಡಿಸಿದವಳು ಎಂಬ ಹೆಸರು ನೀಲವ್ವನವರಿಗೆ ಬಂದಿತು.

ಊರುಕೂಟ ಸೇರಿತು. ಊರಿನ ವಯಸ್ಕರೆಲ್ಲ ಕೈ ಎತ್ತಿ ತೀರ್ಮಾನಿಸುವ ಸಭೆಗೆ ನಮ್ಮಲ್ಲಿ ಊರುಕೂಟವೆಂದು ಹೆಸರು. ಮಹಾವಿದ್ಯಾಲಯದವರು ತಮ್ಮ ತೀರ್ಮಾನವನ್ನು ಅದಕ್ಕೆ ಬಿಟ್ಟಿದ್ದರು. ಆಕೆ ಉಳಿಯಬೇಕೇ, ಹೋಗಬೇಕೇ ಎಂಬುದೊಂದೇ ಪ್ರಶ್ನೆ. ನೀಲವ್ವ ಎದ್ದು ಸ್ವಲ್ಪವೇ ಮಾತನಾಡಿದರು. "ಆಟ ಕಲಸಾಕ ಬಂದೀನ್ರಿ, ಅವರ ಜಾಗಾ ಕಸ್ಗೊಳ್ಳಾಕ ಬಂದಿಲ್ಲ. ಒಂದ ಒಂದು ಆಟ ಹುಡುಗರ ಕಣ್ಣು ನನ್ನ ಕಡೆ ಇರ್ಲಿ. ಆಮ್ಯಾಲೂ ಸೋತ್ರ, ನೀವು ಹೇಳೂದು ಬ್ಯಾಡ, ನಾನ ಹೋಗ್ತೀನಿ."

ಆಗ ಖಾರ್ವಿಯವರು ಮಾತನಾಡಲು ಎದ್ದು ನಿಂತರು.

ನಾವು ಎದ್ದೆವು. ಚಪ್ಪಾಳೆ ಆರಂಭವಾಯಿತು. ಅವರ ತುಟಿಗಳು ಅಲುಗುತ್ತಿದ್ದವು. ಕೈ ಬೀಸಿ ಸುಮ್ಮನಿರಿ ಎಂದರು. ಚಪ್ಪಾಳೆ ಇನ್ನಷ್ಟು ಏರಿತು. ಸಾಕು ಎಂದು ಕೈ ಮುಗಿದರು. ಕೆಲವರು ಕಣ್ಣೊರೆಸಿಕೊಂಡು ಮತ್ತೂ ಜೋರಾಗಿ ತಟ್ಟಿದರು. ಖಾರ್ವಿಯವರು ನೀಲವ್ವನವರ ಹೆಗಲ ಮೇಲೆ ಕೈಯಿಟ್ಟು ಏನನ್ನೋ ಕೂಗಿದರು. ಆ ಹಿರಿಯ ಜೀವದ ಕೊರಳಿನ ನರಗಳು ಉಬ್ಬಿದ್ದು ಮೊದಲ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು. ಅವರು ಏನು ಹೇಳುತ್ತಿದ್ದಾರೆಂಬುದು ನನಗೆ ತಿಳಿಯುತ್ತಿತ್ತು. ಸಭೆಯಲ್ಲಿ ಯಾರಿಗೆ ತಾನೇ ತಿಳಿಯುತ್ತಿರಲಿಲ್ಲ? ತಿಳಿದದ್ದರಿಂದಲೇ ತಟ್ಟಿದೆವೇನೋ. ನನ್ನ ಕೈಗಳೂ ನಿಲ್ಲಲಿಲ್ಲ. ಮಕ್ಕಳಿಗೆ, ಹಿರಿಯರು ಮಾತನಾಡುವಾಗ ಕೇಳಿಸಿಕೊಳ್ಳಬೇಕು ಎಂದು ಕಲಿಸಿದ ಕೈಗಳು. ಕೊನೆಗೆ ಕಾಲು ಸೋತು ಅವರು ಕುಳಿತರು. ರೂಢಿಯಂತೆ ಚಪ್ಪಾಳೆ ನಿಂತಿತು. ಆಕೆ ಹೋಗಲಿ ಎನ್ನುವವರ ಮತ ಕೇಳಿದರು. ಚಪ್ಪಾಳೆ ತಟ್ಟಿ ಕೆಂಪಾಗಿದ್ದ ಕೈಗಳೇ ಮೇಲಕ್ಕೆ ಹೋದವು. ನಾನು ಎತ್ತಲಿಲ್ಲ. ಅದನ್ನು ನನ್ನ ಸಮರ್ಥನೆಯಾಗಿ ಹೇಳುತ್ತಿಲ್ಲ. ಎತ್ತದವರ ಎಣಿಕೆಯೇ ನಮ್ಮಲ್ಲಿಲ್ಲ.

ಹೊರಗೆ ಬರುವಾಗ ಖಾರ್ವಿಯವರು ನನ್ನ ಪಕ್ಕ ನಡೆದರು. "ಅಕ್ಕೋರೆ, ನಾ ಹೇಳದ್ ಯಾರಿಗೂ ಕೇಣ್ಲಿಲ್ಲ ಅಲ್ದಾ?" ಎಂದರು. ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ. ಭಾಷೆಯನ್ನೇ ಬದುಕಾಗಿಸಿಕೊಂಡ ನಾನು, ಮೆಟ್ಟಿಲಿದೆ, ನಿಧಾನ ಎಂದಷ್ಟೇ ಹೇಳಿದೆ.

ಮರುದಿನ ಮುಂಜಾವಿನ ದೋಣಿಗೆ ನೀಲವ್ವ ಹೋದರು. ಸೀಟಿಯನ್ನು ಹಿಂದಿರುಗಿಸಲು ಬಂದಾಗ ಖಾರ್ವಿಯವರು ತೆಗೆದುಕೊಳ್ಳಲಿಲ್ಲವಂತೆ. ಆ ವಾರವೇ ಪ್ರತಿಮೆಯ ಸಮಿತಿ ರಚನೆಯಾಯಿತು. ತರಬೇತುದಾರರ ಹುದ್ದೆಗೆ ಇಬ್ಬರು ಅರ್ಜಿ ಹಾಕಿ, ಊರನ್ನು ನೋಡಿ, ಹಿಂದಿರುಗಿದರು. ಈಗ ಯಾರೂ ಇಲ್ಲ. ಐದನೆಯ ಸಾಲಿನ ಆ ಜಾಗಕ್ಕೆ ಹೂವಿನ ಹಾರ ಹಾಕಿರುತ್ತಾರೆ. ಹುಡುಗರು ಅದನ್ನು ನೋಡುತ್ತಾ ಆಡುತ್ತಾರೆ, ಸೋಲುತ್ತಾರೆ. ಸೋತ ಮೇಲೆ ಎಲ್ಲರೂ ಎದ್ದು ಆ ಹಾರಕ್ಕೆ ಚಪ್ಪಾಳೆ ತಟ್ಟಿ ಕದಗಂಟೆಯೊಳಗೆ ಮನೆ ಸೇರುತ್ತಾರೆ.

ಖಾರ್ವಿಯವರು ಊರಿನಲ್ಲಿಲ್ಲ. ಮಗಳ ಮನೆಗೆ ಹೋಗಿದ್ದಾರೆಂದು ಜನ ನಂಬಿದ್ದಾರೆ. ಕಳೆದ ತಿಂಗಳು ನಾನು ಗಜೇಂದ್ರಗಡಕ್ಕೆ ಹೋಗಿದ್ದೆ, ನೀಲವ್ವನವರಲ್ಲಿ ಕ್ಷಮೆ ಕೇಳುವ ಉದ್ದೇಶದಿಂದ. ಅವರು ಅಲ್ಲಿ ಹೆಣ್ಣುಮಕ್ಕಳ ತಂಡವೊಂದನ್ನು ಆಡಿಸುತ್ತಿದ್ದರು. ಬಂಡೆಗಳ ನಡುವೆ ಕೆಂಪು ಮಣ್ಣಿನ, ಅಲುಗಾಡದ ಮೈದಾನ. ಕೊನೆಯ ಸಾಲಿನಲ್ಲಿ ಶೇಂಗಾ ಸುಲಿಯುತ್ತಾ ಒಬ್ಬ ಹಿರಿಯರು ಕುಳಿತಿದ್ದರು. ಆಟದ ನಡುವೆ ಕಾಲು ಜೋಮು ಹಿಡಿದಿರಬೇಕು, ಬೆಂಚು ಹಿಡಿದು ಮೆಲ್ಲನೆ ಎದ್ದು ನಿಂತರು. ನಾನು ಬೆದರಿ ಸುತ್ತಲೂ ನೋಡಿದೆ. ಯಾರೂ ತಿರುಗಲಿಲ್ಲ. "ಅಜ್ಜಾರ, ಸ್ವಲ್ಪ ಸರೀರಿ, ಆಟ ಕಾಣವಲ್ದು" ಎಂದು ಬೆಂಚಿನ ಹಿಂದೆ ನಿಂತಿದ್ದ ಒಬ್ಬಳು ಹುಡುಗಿ ಹೇಳಿದಳು. ಅವರು ಸರಿದು, ನಕ್ಕು, ತುಂಬ ಹೊತ್ತು ನಿಂತೇ ಇದ್ದರು. ಮೈದಾನದಲ್ಲಿ ಹನ್ನೊಂದು ಮಂದಿ ಹುಡುಗಿಯರೂ ಚೆಂಡನ್ನು ನೋಡುತ್ತಿದ್ದರು. ನಾನು ಯಾರಿಗೂ ಮುಖ ತೋರಿಸದೆ ಹಿಂದಿರುಗಿದೆ. ಕ್ಷಮೆ ಕೇಳಿದ್ದರೆ ಆ ಇಬ್ಬರೂ ನನ್ನನ್ನು ಸಮಾಧಾನಪಡಿಸಬೇಕಾಗುತ್ತಿತ್ತು. ಆ ಕೆಲಸವನ್ನೂ ಅವರ ಮೇಲೆ ಹೊರಿಸಲು ಮನಸ್ಸು ಬರಲಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದಲ್ಲಿಯೂ ದೊಡ್ಡವರು ಯಾರಾದರೂ ಜಾಗ ಬಿಟ್ಟು ಇಳಿಯುತ್ತಾರೆ, ಅಲ್ಲಿ ಹೊಸಬರೊಬ್ಬರು ಬಂದು ನಿಲ್ಲುತ್ತಾರೆ. ಇಳಿದವರನ್ನು ಕುಳಿತುಕೊಳ್ಳಲು ಬಿಡಿ. ನಿಂತವರ ಕಡೆಗೆ ನೋಡಿ. ನಮ್ಮಿಂದಾಗದ ಈ ಸಣ್ಣ ಕೆಲಸ ನಿಮ್ಮಿಂದಾಗಲಿ.

ನಾಳೆ ಪ್ರತಿಮೆಯ ಅನಾವರಣ. ಊರೆಲ್ಲ ಏಳುತ್ತದೆ. ನಾನು ಕುಳಿತೇ ಇರುತ್ತೇನೆ. ವಯಸ್ಸಾಯಿತು, ಮೊಣಕಾಲು ನೋವು ಎಂದು ಜನ ಅಂದುಕೊಳ್ಳುತ್ತಾರೆ. ಪೀಠದ ಮೇಲೆ ಕೆತ್ತಿಸಲು ಸಮಿತಿಯವರು ನನ್ನಿಂದ ನಾಲ್ಕು ಸಾಲು ಕೇಳಿದ್ದರು, ಊರಿನಲ್ಲಿ ಶುದ್ಧ ಕನ್ನಡ ಬರೆಯುವವಳು ನಾನೇ ಎಂದು. ನಾನು ಒಂದೇ ಸಾಲು ಕೊಟ್ಟೆ. ಕಲ್ಲು ಸವೆದಿರದಿದ್ದರೆ ನೀವೂ ಓದಿರುತ್ತೀರಿ: "ಇವರು ಮಾತನಾಡಲು ಎದ್ದು ನಿಂತಿದ್ದರು."

ಸಮಿತಿಯವರಿಗೆ ಅದು ಬಹಳ ಹಿಡಿಸಿತು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು.

ನಾಚಿಕೆಯೊಡನೆ,
ಸುಗಂಧಿನಿ ಮೇಸ್ತ
ನಿವೃತ್ತ ಮುಖ್ಯೋಪಾಧ್ಯಾಯಿನಿ