ಹಿಂದೆ ಗುಡಿಸಿದವಳು

೧೧ ಡಿಸೆಂಬರ್, ಗುರುವಾರ. ಬರ್ಕಾ, ಒಮಾನ್. ಬೆಳಿಗ್ಗೆ ೬

ಇಂದು ನಮ್ಮ ಮನೆದೇವರು ಪ್ರಭುಗಳ ವಾರ, ಉಪವಾಸ. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಇಲ್ಲಿ ಅಂಗಳ ಅಂದರೆ ಮರಳು... ಎಷ್ಟು ಗುಡಿಸಿದರೂ ಅಷ್ಟೇ. ದೀಪ ಹಚ್ಚಿದೆ. ಇವರಿಗೆ ಚಹಾ ಕೊಟ್ಟು, ರೊಟ್ಟಿ ಕಟ್ಟಿಕೊಟ್ಟೆ. ಖರ್ಜೂರದ ಗಿಡಗಳಿಗೆ ನೀರು ಬಿಡಲು ಹೋದರು.

ಈ ತೋಟದ ಎರಡು ಕೋಣೆಗೆ ಬಂದು ಆರು ತಿಂಗಳು. ಜೋಳದ ಹಿಟ್ಟು ಸಿಗುವ ಅಂಗಡಿ ಗೊತ್ತಾಯಿತು. ಮೊಳೆ ಹೊಡೆದು ಪ್ರಭುಗಳ ಫೋಟೋ ಹಾಕಿದೆ. ಇಪ್ಪತ್ತು ವರ್ಷ ಇವರು ಇಲ್ಲಿ ಒಬ್ಬರೇ ಬೇಯಿಸಿಕೊಂಡು ಉಂಡರು, ನಾನು ಅಲ್ಲಿ ಒಬ್ಬಳೇ ಉಂಡೆ. ಐವತ್ತಕ್ಕೆ ಈಗ ಸಂಸಾರ. "ಹೊಸಾ ಮದುಮಗಳು, ಚಹಾ ತಾ" ಅನ್ನುತ್ತಾರೆ. ನಾಚಿಕೆ, ನಗು ಎರಡೂ.

ಒಂದೇ ಚಿಂತೆ. ಮಹಾಲಯ ಅಮಾವಾಸ್ಯೆಯಿಂದ ನನಗೆ ಹಸಿವಿಲ್ಲ. ಉಪವಾಸವಿಲ್ಲದ ದಿನವೂ ಹೊಟ್ಟೆ ಊಟ ಕೇಳುವುದಿಲ್ಲ. ನಾಲಿಗೆಗೆ ಉಪ್ಪು ತಿಳಿಯುವುದಿಲ್ಲ. ಡಾಕ್ಟರು ಎಲ್ಲಾ ಸರಿ ಇದೆ ಅಂದರು.

"ಊರಿಗಿ ಹೋಗಿ ಎಳ್ಳಮಾಸಿ ಭಜ್ಜಿ ಉಂಡು ಬಾ. ಹಸಿವಿ ತಾನ ಓಡಿ ಬರ್ತದ" ಅಂದರು ಇವರು. ೧೬ಕ್ಕೆ ವಿಮಾನ, ೩೦ಕ್ಕೆ ವಾಪಸು.

ಊರು ಬಿಟ್ಟ ದಿನ ನೆನಪಾಗುತ್ತದೆ. ಜೀಪು ನಿಂತಿತ್ತು. ಹೊಲಸು ಮನೆಗೆ ಕೀಲಿ ಹಾಕಲು ಮನಸ್ಸಾಗಲಿಲ್ಲ. ಒಳಗಿನಿಂದ ಗುಡಿಸುತ್ತಾ, ಹಿಮ್ಮುಖವಾಗಿ ಹೊಸ್ತಿಲವರೆಗೆ ಬಂದೆ. ಇವರು ಹೊಸ್ತಿಲ ಮೇಲೆ ನಿಂತು ಒಂದು ಮಾತು ಅಂದರು. ಕೇಳಿಯೂ ಕೇಳದಂತೆ ಗುಡಿಸಿದೆ. ಆ ಮಾತು ಇಲ್ಲಿ ಬರೆಯಲಾರೆ.

೧೭ ಡಿಸೆಂಬರ್. ಮೋರಖಂಡಿ

ಹೈದರಾಬಾದಿನಿಂದ ಬಸ್ಸು. ಹುಮನಾಬಾದಿನಲ್ಲಿ ಇಳಿದೆ. ಮೈದುನ ಶ್ರೀಮಂತ ಗಾಡಿ ತಂದಿದ್ದ.

"ವೈನಿ, ಭಾಳ ಸೊರಗೀರಿ. ಅರಬರು ಊಟಾ ಹಾಕಂಗಿಲ್ಲೇನು?"

"ನಾನ ಅವರಿಗಿ ಹಾಕ್ತೀನೋ ಮಾರಾಯ" ಅಂದೆ. ಬಸವಕಲ್ಯಾಣದಲ್ಲಿ ನಿಂತು, ಭಜ್ಜಿಗೆ ಕೂಡಿಸಿ ಬೇಯಿಸುವ ಹತ್ತಾರು ಬಗೆಯ ಕಾಯಿಪಲ್ಯೆ ಕೊಂಡೆವು.

ನಮ್ಮ ಪಾಲಿನ ಮನೆಗೆ ಆರು ತಿಂಗಳಿಂದ ಕೀಲಿ. ತೆರೆದೆ. ಧೂಳಿಲ್ಲ. ಒಂದು ಜೇಡರ ಬಲೆ ಇಲ್ಲ. ನೆಲದ ಮೇಲೆ ಕಸಬರಿಗೆಯ ಗೀಟು, ಈಗ ಎಳೆದ ಹಾಗೆ. ಶ್ರೀಮಂತನ ಹೆಂಡತಿ ಸೋನುಬಾಯಿ ಗುಡಿಸಿರಬೇಕು ಅಂದುಕೊಂಡೆ.

ಆಮೇಲೆ ನೆನಪಾಯಿತು — ಕೀಲಿಕೈ ಇದ್ದದ್ದು ಒಂದೇ. ನನ್ನ ಕೊರಳ ದಾರದಲ್ಲಿ.

೧೮ ಡಿಸೆಂಬರ್, ಗುರುವಾರ. ನಸುಕು

ಉಪವಾಸ. ಹಾಸಿಗೆಯಲ್ಲಿದ್ದೆ. ಒಳಮನೆಯಿಂದ ಕಸಬರಿಗೆಯ ಸಪ್ಪಳ. ಸರ್... ಸರ್... ನನ್ನ ಕಾಲ ಬಳಿ ಹಾದು ಹೊಸ್ತಿಲವರೆಗೆ ಹೋಗಿ ನಿಂತಿತು. ಯಾರೂ ಕಾಣಲಿಲ್ಲ.

ಮಧ್ಯಾಹ್ನ

ನೆಗೆಣ್ಣಿ ಸೋನುಬಾಯಿಯದು ಎದುರು ಮನೆ. ಅವರೆಕಾಯಿ ಸುಲಿಯುತ್ತಾ ಬಾಯಿಬಿಟ್ಟಳು.

"ಅಕ್ಕಾ, ಸಿಟ್ಟಾಗಬ್ಯಾಡ. ನೀ ಹೋದ ಮರುದಿನದಿಂದ ದಿನಾ ಇದೇ. ನೀ ಇದ್ದಾಗೂ ನಿನ್ನ ಕಸಬರಗಿ ನನಗ ಮಲಗಗೊಡಲಿಲ್ಲ, ಹೋದ ಮ್ಯಾಲೂ ಇಲ್ಲ."

ನಗಲು ನೋಡಿದಳು. ನಾನು ನಗಲಿಲ್ಲ.

"ಊರಿಗಿ ಹೋಗೋರ ಹಿಂದ ಯಾರರ ಗುಡಿಸ್ತಾರೇನು? ಹೆಣಾ ಎತ್ತಿದ ಮ್ಯಾಲ ಗುಡಿಸ್ತಾರ. ನಿನ್ನ ಹೆಜ್ಜಿ ನೀನ ಬಳದು ಹೋದಿ. ನಾ ಅಂಜಿದೆ. ಹಾಂಗಾಗಿ..."

"ಹಾಂಗಾಗಿ ಏನು?"

"ಮಹಾಲಯ ಅಮಾಸಿಗಿ ಹಿರೇರಿಗಿ ಎಡಿ ಇಟ್ಟಾಗ ನಿನ್ನ ಹೆಸರಿಲೆ ಒಂದು ಇಟ್ಟೆ. ಹಸುರು ಸೀರಿ, ಬಳಿ. ಸಪ್ಪಳ ಕಡಿಮಿ ಆತು."

ಸತ್ತವರ ಸಾಲಿನಲ್ಲಿ ನನ್ನ ಎಡೆ. ನನ್ನ ಹಸಿವು ಹೋದದ್ದೂ ಅದೇ ಅಮಾವಾಸ್ಯೆಗೆ.

"ನಾ ಜೀವಂತ ಅದೀನಿ. ಇನ್ನ ಇಡಬ್ಯಾಡ."

"ಒಮ್ಮಿ ಇಟ್ಟದ್ದು ಬಿಟ್ಟರ ಅದು ಉಪಾಸ ಬೀಳ್ತದ, ಅಕ್ಕಾ."

೧೯ ಡಿಸೆಂಬರ್. ಎಳ್ಳಮಾವಾಸ್ಯೆ

ಹೊಲಕ್ಕೆ ಹೋದೆವು. ಜೋಳದ ದಂಟಿನ ಕೊಂಪೆಯಲ್ಲಿ ಐದು ಕಲ್ಲಿಗೆ ಪೂಜೆ. ಎಲ್ಲರೂ ಉಂಡರು. ನನ್ನ ಬಾಯಲ್ಲಿ ಸಜ್ಜೆ ರೊಟ್ಟಿ ಮಣ್ಣು ಅಗಿದಂತೆ. ಕೊಂಪೆಯ ಹಿಂದೆ ಸೋನುಬಾಯಿ ಗುಟ್ಟಾಗಿ ಒಂದು ಎಡೆ ಇಟ್ಟಿದ್ದಳು. ಕಂಡೆ. ಭಜ್ಜಿ ಮುಗಿದಿತ್ತು, ಅಂಬಲಿಯ ಬಟ್ಟಲಿನ ತಳ ಕಾಣುತ್ತಿತ್ತು. ಸುತ್ತ ನಾಯಿ ಇಲ್ಲ, ಕಾಗೆ ಇಲ್ಲ.

೨೦ ಡಿಸೆಂಬರ್

ನಸುಕಿನಲ್ಲಿ ಸಪ್ಪಳವಿಲ್ಲ. "ಹೊಟ್ಟಿ ತುಂಬಿತು, ಹೋತು" ಅಂದಳು ಸೋನುಬಾಯಿ. ನನಗೂ ನಿರಾಳ.

ಬ್ಯಾಗು ತೆರೆದೆ. ಪಾಸ್‌ಪೋರ್ಟ್ ಇಲ್ಲ.

೨೨ ಡಿಸೆಂಬರ್

ಟ್ರಂಕು, ಗಡಿಗೆ, ಹಾಸಿಗೆ — ಎಲ್ಲೂ ಇಲ್ಲ. ಶ್ರೀಮಂತ ತನ್ನ ಫೋನಿನಿಂದ ಇವರಿಗೆ ಹಚ್ಚಿ, ಸ್ಪೀಕರ್ ಹಾಕಿ ಕೇಳಿದ.

"ಪಾಸ್‌ಪೋರ್ಟಾ? ನಿಮ್ಮ ವೈನಿ ನಿನ್ನೆನ ಬಂದಾಳಲ್ಲೋ! ರಜಾ ಮುಗಿಯೂದರಾಗ ಓಡಿ ಬಂದಾಳ. ಹಸಿವಿ ಅಂತ ನಾಕು ರೊಟ್ಟಿ ಉಂಡಾಳ. ತಡಿ, ಕೊಡ್ತೀನಿ."

ಆಮೇಲೆ ನನ್ನದೇ ದನಿ. "ಆರಾಮ ಮುಟ್ಟೀನಪ್ಪಾ. ಸೋನುಬಾಯಿ ಹ್ಯಾಂಗದಾಳ?"

"ನಾ ಇಲ್ಲೇ ಅದೀನ್ರೀ!" ಕೂಗಿದೆ. ಫೋನು ಕಟ್ಟಾಯಿತು. ಶ್ರೀಮಂತ ಹೆಂಡತಿಯ ಕಡೆ ತಿರುಗಿದ.

"ವೈನಿ ಮುಟ್ಯಾರಂತ. ಛಲೋ ಆತು."

ನಾನು ಅವನ ಮಗ್ಗುಲಲ್ಲೇ ನಿಂತಿದ್ದೆ.

೨೫ ಡಿಸೆಂಬರ್, ಗುರುವಾರ

ಉಪವಾಸವೇ ಎಂದು ಕೇಳುವವರಿಲ್ಲ. ಚಹಾ ಎರಡೇ ಬಟ್ಟಲು. ಸೋನುಬಾಯಿಯ ಸೆರಗು ಹಿಡಿದೆ. ಮುಳ್ಳಿಗೆ ಸಿಕ್ಕಿತೆಂಬಂತೆ ಬಿಡಿಸಿಕೊಂಡು ಹೋದಳು. ಪ್ರಭುಗಳ ಹೆಸರು ಹೇಳುತ್ತಾ ಕೂತೆ. ಕೈ ಸುಮ್ಮನಿರದು. ಎದ್ದು ಮನೆ ಗುಡಿಸಿದೆ.

ಎದುರು ಮನೆಯಿಂದ ಅವಳ ದನಿ: "ಕೇಳ್ರಿ... ಮತ್ತ ಶುರು ಆತು ನೋಡ್ರಿ."

೩೦ ಡಿಸೆಂಬರ್

ಇವತ್ತು ನನ್ನ ವಿಮಾನ. ಹೋಯಿತು.

ಮಧ್ಯಾಹ್ನ ಅಸದ್ ಬಂದ. ಹುಮನಾಬಾದಿನವನು, ಬರ್ಕಾದಲ್ಲಿ ಇವರ ಜೊತೆ ಕೆಲಸ. ಎರಡು ದಿನಕ್ಕೆ ಅಕ್ಕನ ಮಗಳ ಮದುವೆಗೆ ಬಂದಿದ್ದಾನಂತೆ. ಖರ್ಜೂರದ ಪೊಟ್ಟಣ ನನ್ನ ಹೊಸ್ತಿಲ ಮೇಲಿಟ್ಟ.

"ಇದ್ಯಾಕೋ ಅಲ್ಲಿ?" ಸೋನುಬಾಯಿ ಕೇಳಿದಳು.

"ನಿಮ್ಮ ಭಾವ ಕಾಶಿರಾಮ ಭಾಯಿ ಇಲ್ಲೇ ಇಡು ಅಂದಾನ್ರಿ. ಗುರುವಾರ ಮುಂಜಾನೆ ಹೊಂಟೀನಿ. ಜವಾಬ ಇದ್ದರ ಈ ಹೊಸ್ತಿಲ ಮ್ಯಾಲಿಂದ ತಗೊಂಡು ಬಾ ಅಂದಾನ. ಕೀಲಿ ಹಾಕಿದ ಮನಿಯಿಂದ ಎಂಥಾ ಜವಾಬೋ, ಅಲ್ಲಾಗೇ ಗೊತ್ತು."

ಪೊಟ್ಟಣದೊಳಗೆ ಚೀಟಿ. ಇವರ ಅಕ್ಷರ.

"ಫೋನಿನ್ಯಾಗ ಹೇಳಾಕ ಬರಂಗಿಲ್ಲ, ಈಕಿ ಮಗ್ಗಲದಾಗೇ ಇರ್ತಾಳ. ಈಕಿ ನಡದರ ಮರಳಿನ್ಯಾಗ ಹೆಜ್ಜಿ ಮೂಡಂಗಿಲ್ಲ. ಊರು ಬಿಟ್ಟ ದಿನ ಹೊಸ್ತಿಲ ಮ್ಯಾಲ ನಾ ಏನಂದೆ ಅಂತ ಕೇಳಿದೆ. ಈಕಿಗಿ ಗೊತ್ತಿಲ್ಲ. ನೀ ಅಲ್ಲಿದ್ದರ ಆ ಮಾತು ಬರಿ. ಬಂದು ಕರಕೊಂಡು ಹೋಗ್ತೀನಿ."

ಅತ್ತುಬಿಟ್ಟೆ. ಎಷ್ಟೋ ದಿನದ ಮೇಲೆ ಕಣ್ಣೀರಿನ ಉಪ್ಪು ನಾಲಿಗೆಗೆ ತಿಳಿಯಿತು.

೧ ಜನವರಿ, ಗುರುವಾರ. ಬೆಳಿಗ್ಗೆ ೭

ಉತ್ತರ ಬರೆದೆ. "'ಹಿಂದ ಗುಡಿಸಬ್ಯಾಡ ದ್ರೌಪತಿ, ಇದು ನಾವು ಮತ್ತ ಬರೋ ಮನಿ' ಅಂದಿದ್ರಿ. ನಾ ಮಾತು ಕೇಳಲಿಲ್ಲ. ತಪ್ಪಾತು. ಬರ್ರಿ." ಚೀಟಿ ಹೊಸ್ತಿಲ ಮೇಲಿದೆ, ಹಾರದಂತೆ ಮೇಲೆ ಎರಡು ಖರ್ಜೂರ ಇಟ್ಟಿದ್ದೇನೆ.

ಓಣಿಯ ತುದಿಯಲ್ಲಿ ಅಸದನ ಗಾಡಿಯ ಸದ್ದು. ಎದುರು ಮನೆಯ ಬಾಗಿಲೂ ತೆರೆಯಿತು. ಸೋನುಬಾಯಿ. ಕೈಯಲ್ಲಿ ಕಸಬರಿಗೆ. ಈ ಕಡೆಗೇ ಬರುತ್ತಿದ್ದಾಳೆ... ನನ್ನ ಹೊಸ್ತಿಲು ಗುಡಿಸಲು.

ಸೋನುಬಾಯಿ, ಬೇಡ. ಅದು ಕಸವಲ್ಲ. ಅಸದ್, ಬೇಗ ಬಾರಪ್ಪಾ, ಹೊಸ್ತಿಲ ಮೇಲಿನ ನನ್ನ ಉತ್ತರ ಎತ್ತಿಕೋ, ಅವಳು ಗುಡಿಸುವುದರೊಳಗೆ —