ಚೀಲ ಇಲ್ಲದ ಹಕ್ಕಿ

ಜನವರಿ 11, ಭಾನುವಾರ. ಭದ್ರಾವತಿ

ಯಾರ ಪುಸ್ತಕ ಇದು? ನಿನ್ನದಾ? ಹಾಳೆಯ ಮೇಲೆ ಹಸಿರು ಸ್ಕೆಚ್ ಪೆನ್ನಿನ ಬೆರಳ ಗುರುತು ಬಿಟ್ಟುಹೋಗಿದ್ದೀಯ. ಟೀಚರ್ ಆಗಿ ಅಜ್ಜಿಯ ದಿನಚರಿ ಪುಸ್ತಕ ಕದ್ದು ಓದುತ್ತೀಯಲ್ಲ ಸುಮನಾ, ಥೂ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನ್ನ ಕಾಗುಣಿತ ನೋಡಿ ನಗಲಿಕ್ಕಾ?

ಬೆಳಿಗ್ಗೆ ಲಿಂಗಪೂಜೆಗೆ ಹೂ ಕೊಯ್ಯಲು ಹೋದೆ. ಕಣಗಿಲೆ ಬುಡದಲ್ಲಿ ಹಕ್ಕಿ ಕಕ್ಕಿದ, ಅರ್ಧ ಜೀರ್ಣವಾದ ಕಪ್ಪೆ. ಮೇಲೆ ಹುಣಸೆಮರದಲ್ಲಿ ಆ ಬಿಳಿಕತ್ತಿನ ಕೊಕ್ಕರೆ, ಗೂಡಲ್ಲಿ ಎರಡು ಮರಿ. ಮತ್ತೆ ಸ್ನಾನ ಮಾಡಿದೆ. ಮೈಯೆಲ್ಲ ಅಸಹ್ಯ.

14, ಬುಧವಾರ

ಸುಮನಾ ಶಿವಮೊಗ್ಗದ ತನ್ನ ಸ್ಕೂಲಿಗೆ ಚಾರ್ಟ್ ಬರೆದಳು. ಒಂದು ಕಡೆ ಕೋಲಾ, ಇನ್ನೊಂದು ಕಡೆ ನಮ್ಮ ಕೊಕ್ಕರೆ. ಎರಡೂ ಕಡಿಮೆಯಾಗುತ್ತಿವೆಯಂತೆ. ಕೋಲಾ ಅಂದರೆ ಕುಡಿಯುವುದಲ್ಲ, ಆಸ್ಟ್ರೇಲಿಯಾದ ಪ್ರಾಣಿ. ದಿನಕ್ಕೆ ಇಪ್ಪತ್ತು ಗಂಟೆ ಮರ ತಬ್ಬಿ ನಿದ್ದೆ. ಹೊಟ್ಟೆಯ ಚೀಲದಲ್ಲಿ ಮರಿ.

"ತಾಯಿ ಮರಿಗೆ ತನ್ನ ಹೇಲನ್ನೇ ತಿನ್ಸುತ್ತೆ ಅಜ್ಜಿ."

"ಥೂ ಮಾರಾಯ್ತಿ, ನಾನು ಉಣ್ತಾ ಇದೀನಿ ಕಣೇ!"

ಚಾರ್ಟಿನ ಕೆಳಗೆ ದಪ್ಪಕ್ಷರ: ಕೋಲಾ — ಮರದ ಪ್ರಾಣಿ. ಕೊಕ್ಕರೆ — ನೀರಿನ ಹಕ್ಕಿ.

25, ಭಾನುವಾರ

ಮಗ ಮಲ್ಲೇಶನ ಕಾರಿನ ಮೇಲೆ ಪೂರಾ ಹಿಕ್ಕೆ. ಕೊಳೆತ ಮೀನಿನ ನಾತ. ಒಂದನೇ ತಾರೀಖು ಹುಣಸೆಮರ ಕಡಿಯಲು ಹಾಲಸ್ವಾಮಿಗೆ ಹೇಳಿಬಿಟ್ಟಿದ್ದಾನೆ.

"ಗೂಡಲ್ಲಿ ಮರಿ ಇದಾವಲ್ಲೋ."

"ಅದು ನೀರಿನ ಹಕ್ಕಿ ಕಣಮ್ಮ. ನಾಲೆ ಹತ್ರ ಹೋಗುತ್ತೆ. ನನ್ನ ಮಗಳೇ ಬರೆದಿದಾಳಲ್ಲ, ನೋಡು."

"ರೆಕ್ಕೆ ಬಲ್ತಿಲ್ಲ ಅವಕ್ಕೆ. ನಾಲೆಗೆ ಬಸ್ಸಲ್ಲಿ ಹೋಗ್ತಾವಾ?"

ನಕ್ಕ. ಸುಮನಾ ಪಕ್ಕದಲ್ಲೇ ಮೊಬೈಲು ಒತ್ತುತ್ತ ಕೂತಿದ್ದಳು.

28, ಬುಧವಾರ. ಮಧ್ಯಾಹ್ನ

ಸುಮನಾ, ಓದುತ್ತೀಯ ಅಂತ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಕಪ್ಪೆ ಕಕ್ಕುವ ಆ ಹಕ್ಕಿ ಕಂಡರೆ ನನಗೆ ಈಗಲೂ ವಾಕರಿಕೆ. ಆದರೆ ನಿನ್ನ ಕೋಲಾ ಮರ ಬಿಟ್ಟು ಇಳಿದರೂ ಮರಿ ಚೀಲದಲ್ಲಿ ಜೊತೆಗೇ ಇರುತ್ತದೆ. ಇದಕ್ಕೆ ಚೀಲ ಎಲ್ಲಿದೆ? ಮೇಯುವುದು ನೀರಲ್ಲಿ, ಮರಿ ಮಾಡುವುದು ಮರದಲ್ಲಿ. ಅದನ್ನು ಬರೆಯಲಿಲ್ಲ ನೀನು. ನಿನ್ನ ಆ ಅರ್ಧ ಸಾಲು ಹಿಡಿದುಕೊಂಡು ನಿನ್ನಪ್ಪ ಮರ ಕಡಿಸುತ್ತಿದ್ದಾನೆ. ಮರಿ ಬಿದ್ದು ಸಾಯುವುದಕ್ಕಿಂತ ಆ ಹಿಕ್ಕೆ ಹೇಸಿಗೆಯಾ?

ನಾನು ಹೇಳಿದರೆ ನಗುತ್ತಾನೆ. ಟೀಚರ್ ಮಾತು ಕೇಳುತ್ತಾನೆ. ತಪ್ಪು ಬರೆದೆ ಅಂತ ಅವನ ಮುಖಕ್ಕೆ ಹೇಳು.

ಹಾಲಸ್ವಾಮಿ ಈಗ ಬಂದು ಹಗ್ಗ ಇಟ್ಟು ಹೋದ. ಹೇಳುತ್ತೀಯೋ ಇಲ್ಲವೋ, ಈ ಹಾಳೆಯಲ್ಲೇ ಉತ್ತರ ಬರಿ. ಫೆಬ್ರವರಿ ಹುಟ್ಟುವುದರೊಳಗೆ ಬರಿ —